ಮರಳು ದಿಬ್ಬಕ್ಕೆ ಟು-ಸ್ಟ್ರೋಕ್ ಕ್ವಾಡ್: ಮೊದಲು ಸೋರಿಕೆ ನಿಲ್ಲಿಸಿ, ಪವರ್ ಆಮೇಲೆ

ಶಾರ್ಜಾದ ಅಲ್ ಬದಾಯರ್ ಮರಳು ದಿಬ್ಬಗಳಲ್ಲಿ ನನ್ನ ನಾಲ್ಕು ಚಕ್ರದ ಕ್ವಾಡ್ ಬೈಕ್ ಬ್ಯಾನ್‌ಶೀಯ ಎಂಜಿನ್ ಮೊದಲ ಸಲ ಜಾಮ್ ಆದಾಗ ನಾನು ದಿಬ್ಬವನ್ನು ಮುಕ್ಕಾಲು ಹತ್ತಿದ್ದೆ. ನಾಲ್ಕನೇ ಗೇರ್, ಥ್ರಾಟಲ್ ಪೂರ್ತಿ ಒತ್ತಿತ್ತು. ಇದ್ದಕ್ಕಿದ್ದಂತೆ ಶಬ್ದ ಕೀರಲಾಯಿತು, ಹಿಂದಿನ ಚಕ್ರ ಗಕ್ಕನೆ ನಿಂತಿತು. ಗಾಡಿಯನ್ನು ಕೆಳಗಿಳಿಸಲು ನಾಲ್ಕು ಜನ ಬೇಕಾದರು.

ಬಿಚ್ಚಿ ನೋಡಿದರೆ ಎಡಗಡೆ ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳು. ಕಾರಣ ಏನು ಗೊತ್ತಾ? ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬೂಟಿನಲ್ಲಿ ಉಗುರಿನಷ್ಟು ಉದ್ದದ ಬಿರುಕು. ನನಗೆ ಗಾಡಿ ಮಾರಿದಾತ "ಫುಲ್ ಬಿಲ್ಡ್" ಅಂದಿದ್ದ. ಹೌದು, ದೊಡ್ಡ ಪೈಪು, ಮಿರಮಿರ ಹೊಳೆಯುವ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ), ಎಲ್ಲ ಇತ್ತು. ಆ ಬೂಟು ಮಾತ್ರ ಹಳೆಯದು.

ಆವತ್ತಿನಿಂದ ನನ್ನ ಲೆಕ್ಕ ತಲೆಕೆಳಗಾಯಿತು. ದಿಬ್ಬಕ್ಕೆ ಗಾಡಿ ಸಿದ್ಧ ಮಾಡುವವರು ಸಾಮಾನ್ಯವಾಗಿ ಪವರ್‌ನಿಂದ ಶುರು ಮಾಡಿ ಕೊನೆಗೆ ಫಿಲ್ಟರ್ ಹತ್ತಿರ ಬರುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ.

ಯಾವ ಗಾಡಿ ಬಗ್ಗೆ ಮಾತು

ಯಮಹಾ ಬ್ಯಾನ್‌ಶೀ 350. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾಯಿತು. ಎರಡು ಸಿಲಿಂಡರ್, 347 ಸಿಸಿ, ನೀರಿನಿಂದ ತಂಪಾಗುವ ಎಂಜಿನ್, ಆರು ಗೇರ್. ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ಕರ್ ತುಳಿಯಲೇಬೇಕು. ಎಂಜಿನ್ ಬಂದಿದ್ದು ಯಮಹಾದ ಆರ್‌ಡಿ350ಎಲ್‌ಸಿ, ಆರ್‌ಝಡ್350 ಬೈಕುಗಳ ವಂಶದಿಂದ. ನಮ್ಮೂರಿನ ರಾಜದೂತ್ 350ಕ್ಕೂ ಇದು ದೂರದ ನೆಂಟ, ಆದರೆ ರಾಜದೂತ್ ಗಾಳಿಯಿಂದ ತಂಪಾಗುತ್ತಿತ್ತು. ನಿಮ್ಮ ಹತ್ತಿರ ಯಮಹಾ ಬ್ಲಾಸ್ಟರ್ ಅಥವಾ ಹೋಂಡಾ ಟಿಆರ್‌ಎಕ್ಸ್250ಆರ್ ಇದ್ದರೂ ಕೆಳಗಿನ ಬಹುಪಾಲು ಮಾತು ಹೊಂದುತ್ತದೆ. ಅಂಕಿಗಳು ಮಾತ್ರ ಬೇರೆ.

ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದಿದ್ದೆಲ್ಲ ಸುಲಭ. ಟು-ಸ್ಟ್ರೋಕ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಮೊದಲು ಹೋಗುವುದು ಕ್ರ್ಯಾಂಕ್‌ಕೇಸ್‌ಗೆ, ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಇರುವ ಕೆಳಗಿನ ಪೆಟ್ಟಿಗೆಗೆ. ಅಲ್ಲಿಂದ ಮೇಲಕ್ಕೆ, ಸಿಲಿಂಡರ್‌ಗೆ. ಅಂದರೆ ಫಿಲ್ಟರ್ ದಾಟಿ ಬಂದ ಮರಳು ಮೊದಲು ಸವೆಸುವುದು ಕ್ರ್ಯಾಂಕ್ ಬೇರಿಂಗನ್ನು, ಆಮೇಲೆ ಪಿಸ್ಟನ್ನನ್ನು. ಫೋರ್-ಸ್ಟ್ರೋಕ್‌ನಲ್ಲಿರುವಂತೆ ಕಸ ಹಿಡಿಯಲು ಆಯಿಲ್ ಫಿಲ್ಟರ್ ಇಲ್ಲಿಲ್ಲ. ಎಲ್ಲಿಂದಲೋ ಕದ್ದು ಗಾಳಿ ಒಳಗೆ ಬಂದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಅದರ ಜೊತೆಗೇ ಬರಬೇಕಾದ ಆಯಿಲೂ ಕಡಿಮೆಯಾಗುತ್ತದೆ. ಬಿಸಿ ಏರುತ್ತದೆ, ಜಾಮ್ ಆಗುತ್ತದೆ.

ಹೆಜ್ಜೆ 1: ಬಿಪಿ ಮೀಟರಿನಿಂದ ಎಂಜಿನ್ ಪರೀಕ್ಷೆ

ತಮಾಷೆ ಅಲ್ಲ. ಡಾಕ್ಟರು ಬಿಪಿ ನೋಡುವ ರಬ್ಬರ್ ಬಲ್ಬು, ಅದರ ಮುಳ್ಳಿನ ಮೀಟರು, ಇವಿಷ್ಟು ಸಾಕು. ಮೀಟರಿನಲ್ಲಿ 300 ಅಂದರೆ ಹತ್ತಿರ ಹತ್ತಿರ 6 ಪಿಎಸ್ಐ (ಟೈರಿನ ಗಾಳಿ ಅಳೆಯುವ ಅದೇ ಒತ್ತಡದ ಅಳತೆ). ನಮಗೆ ಬೇಕಾಗಿರುವುದೂ ಅಷ್ಟೇ.

ಸೈಲೆನ್ಸರ್ ಪೈಪು ಎರಡನ್ನೂ ಬಿಚ್ಚಿ, ಸಿಲಿಂಡರಿನ ಹೊಗೆ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಕಾರ್ಬುರೇಟರ್ ಎರಡೂ ತೆಗೆಯಿರಿ. ಒಂದು ರಬ್ಬರ್ ಬೂಟಿಗೆ ಸರಿಯಾದ ಅಳತೆಯ ಪಿವಿಸಿ ಮುಚ್ಚಳ ಹಾಕಿ ಕ್ಲಾಂಪ್ ಬಿಗಿ ಮಾಡಿ. ಇನ್ನೊಂದಕ್ಕೆ ಅದೇ ಥರದ ಮುಚ್ಚಳ, ಆದರೆ ಅದರಲ್ಲಿ ತೂತು ಕೊರೆದು ಬಲ್ಬಿನ ಟ್ಯೂಬ್ ಕೂರಿಸಿ. ಎರಡು ಬೂಟುಗಳ ನಡುವೆ ಒಂದು ಸಣ್ಣ ಅಡ್ಡ ಪೈಪು ಇರುತ್ತದೆ, ಅದು ಜಾಗದಲ್ಲೇ ಇರಲಿ. ಸ್ಪಾರ್ಕ್ ಪ್ಲಗ್ ಎರಡೂ ಬಿಗಿಯಾಗಿರಲಿ. ಈಗ ನಿಧಾನಕ್ಕೆ ಬಲ್ಬ್ ಒತ್ತಿ. 6 ಪಿಎಸ್ಐ, ಅಂದರೆ ಮೀಟರಿನ 300 ದಾಟಬೇಡಿ, ಜಾಸ್ತಿ ಒತ್ತಿದರೆ ಒಳ್ಳೆಯ ಸೀಲೂ ಕಿತ್ತು ಬರುತ್ತದೆ.

6 ಪಿಎಸ್ಐ ಒತ್ತಡ 6 ನಿಮಿಷ ನಿಲ್ಲಬೇಕು ಅನ್ನುವುದು ಬ್ಯಾನ್‌ಶೀಯವರ ಹಳೆಯ ಮಾತು. ಮುಳ್ಳು ಇಳಿಯುತ್ತಿದ್ದರೆ ಸೋಪಿನ ನೀರು ಬುರುಗು ಮಾಡಿ ಎಲ್ಲ ಜೋಡಣೆಗಳಿಗೂ ಹಚ್ಚಿ. ಬೂಟುಗಳು, ರೀಡ್ (ಗಾಳಿಯನ್ನು ಒಳಗೆ ಮಾತ್ರ ಬಿಡುವ ತೆಳು ಎಲೆಯ ಕವಾಟ) ಬ್ಲಾಕಿನ ಗ್ಯಾಸ್ಕೆಟ್, ಸಿಲಿಂಡರಿನ ಬುಡ, ಪ್ಲಗ್ ಸುತ್ತ. ಗುಳ್ಳೆ ಎಲ್ಲಿ ಬರುತ್ತದೋ ಅಲ್ಲೇ ಕಳ್ಳ. ಎಡಗಡೆ ಮ್ಯಾಗ್ನೆಟ್ ಮುಚ್ಚಳ ತೆಗೆದು ಅದರ ಹಿಂದಿನ ಕ್ರ್ಯಾಂಕ್ ಸೀಲನ್ನೂ ನೋಡಲೇಬೇಕು. ಬಲಗಡೆ ಸೀಲ್ ಕ್ಲಚ್ಚಿನ ಹಿಂದೆ ಅಡಗಿದೆ, ಕಣ್ಣಿಗೆ ಕಾಣುವುದಿಲ್ಲ. ಗೇರ್ ಆಯಿಲ್ ತುಂಬುವ ಮುಚ್ಚಳ ತೆಗೆದು ಕಿವಿ ಇಟ್ಟರೆ ಬುಸ್ ಅನ್ನುತ್ತದೆ. ಆ ಸೀಲ್ ಹೋಗಿದ್ದರೆ ಇನ್ನೊಂದು ಗುರುತೂ ಇದೆ: ಎಂಜಿನ್ ಗೇರ್ ಆಯಿಲನ್ನು ಹೀರಿಕೊಂಡು ದಟ್ಟ ಹೊಗೆ ಬಿಡುತ್ತದೆ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಹಳೆಯ ಗಾಡಿ ಕೊಂಡ ದಿನ, ಎಂಜಿನ್ ಬಿಚ್ಚಿ ಕಟ್ಟಿದ ದಿನ, ಸೀಸನ್ ಶುರುವಾಗುವ ಮುಂಚೆ, ಈ ಮೂರು ಸಲ ಇದನ್ನು ಮಾಡಿ. ನನ್ನ ಪ್ರಕಾರ ಈ ಲೇಖನದಲ್ಲಿ ಇದೊಂದು ಹೆಜ್ಜೆ ಓದಿ ಉಳಿದಿದ್ದು ಬಿಟ್ಟರೂ ನಷ್ಟವಿಲ್ಲ.

ಜೊತೆಗೆ ಕಂಪ್ರೆಷನ್ (ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗಿನ ಒತ್ತಡ) ಕೂಡ ಕಂಪ್ರೆಷನ್ ಮೀಟರಿನಿಂದ ಅಳೆದುಬಿಡಿ. ಪ್ಲಗ್ ಎರಡೂ ತೆಗೆದು, ಥ್ರಾಟಲ್ ಪೂರ್ತಿ ಒತ್ತಿಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಿ. ಬಂದ ಅಂಕಿಗಿಂತ ಎರಡು ಸಿಲಿಂಡರಿನ ನಡುವಿನ ವ್ಯತ್ಯಾಸ ಮುಖ್ಯ. 10 ಪಿಎಸ್ಐಗಿಂತ ಜಾಸ್ತಿ ಅಂತರ ಇದ್ದರೆ ಬಿಚ್ಚಿ ನೋಡುವ ಸಮಯ ಬಂದಿದೆ ಅಂತ ಅರ್ಥ.

ಹೆಜ್ಜೆ 2: ಫಿಲ್ಟರ್

ಅರಬ್ ಮರಳುಗಾಡಿನ ಮರಳು ನಮ್ಮ ಹೊಳೆ ಮರಳಿನಂತಲ್ಲ. ಜರಡಿ ಹಿಡಿದ ರವೆಗಿಂತ ನುಣುಪು. ಮುಂದೆ ಯಾರಾದರೂ ಓಡಿಸುತ್ತಿದ್ದರೆ ಹಿಂದಿನವನ ಗಾಡಿ ಆ ಧೂಳನ್ನೇ ಕುಡಿಯುತ್ತದೆ.

ಫೋಮ್ ಫಿಲ್ಟರ್ ಬಳಸಿ, ಅದಕ್ಕೆಂದೇ ಬರುವ ಅಂಟಂಟು ಫಿಲ್ಟರ್ ಆಯಿಲ್ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ಅದು ಕೆಳಗಿಳಿದು ಮೇಲ್ಭಾಗ ಒಣಗುತ್ತದೆ. ಆಯಿಲ್ ಸುರಿದು ಕೈಯಲ್ಲಿ ನಾದಿ, ಹಿಂಡಿ, ಬಣ್ಣ ಎಲ್ಲ ಕಡೆ ಒಂದೇ ಸಮ ಆಗುವಂತೆ ನೋಡಿ. ಆದರೆ ತಿರುಚಬೇಡಿ, ಅಂಟು ಬಿಡುತ್ತದೆ. ಫಿಲ್ಟರ್ ಬಾಯಿ ಕೂರುವ ಅಂಚಿಗೆ ಗ್ರೀಸ್ ಸವರಿ. ಮೇಲೊಂದು ಬಟ್ಟೆಯ ಹೊರಕವಚ ಹಾಕಿದರೆ ಒರಟು ಮರಳು ಅಲ್ಲೇ ನಿಲ್ಲುತ್ತದೆ, ಕೊಡವಿದರೆ ಉದುರುತ್ತದೆ.

ತೊಳೆಯುವಾಗ ಪೆಟ್ರೋಲ್ ಬೇಡ, ಫೋಮಿನ ಅಂಟು ಕರಗುತ್ತದೆ. ಸೀಮೆಎಣ್ಣೆ ಅಥವಾ ಫಿಲ್ಟರ್ ಕ್ಲೀನರ್, ಆಮೇಲೆ ಬಿಸಿನೀರು ಸೋಪು, ಆಮೇಲೆ ನೆರಳಿನಲ್ಲಿ ಒಣಗಿಸುವುದು. ನಾನು ಮೂರು ಫಿಲ್ಟರ್ ಇಟ್ಟುಕೊಂಡಿದ್ದೇನೆ. ಆಯಿಲ್ ಹಾಕಿದ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸಿದ್ಧ ಇರುತ್ತವೆ. ದಿನಕ್ಕೊಂದು.

ಏರ್‌ಬಾಕ್ಸ್ (ಫಿಲ್ಟರ್ ಕೂರುವ ಪೆಟ್ಟಿಗೆ) ಕಿತ್ತೆಸೆದು ಕಾರ್ಬುರೇಟರಿಗೆ ನೇರ ಪಾಡ್ ಫಿಲ್ಟರ್ ಹಾಕುವ ಶೋಕಿ ಬಹಳ ಜನಕ್ಕಿದೆ. ಡ್ರ್ಯಾಗ್, ಅಂದರೆ ನೇರ ಓಟದ ಚುಟುಕು ರೇಸ್ ಓಡಿಸುವವರಿಗೆ ಅದು ಸರಿ. ಇಡೀ ದಿನ ದಿಬ್ಬ ಸುತ್ತುವವರು ಬಾಕ್ಸ್ ಉಳಿಸಿಕೊಳ್ಳಿ, ಬೇಕಾದರೆ ಮುಚ್ಚಳ ಮಾತ್ರ ತೆಗೆಯಿರಿ. ಗಾಡಿ ಪಲ್ಟಿ ಹೊಡೆದರೆ ಕೂಡಲೇ ಕಿಕ್ ಮಾಡಬೇಡಿ. ಮೊದಲು ಬಾಕ್ಸ್ ಒಳಗೆ ಇಣುಕಿ.

ಹೆಜ್ಜೆ 3: ಆಯಿಲ್ ಅಳತೆ

ಆರ್‌ಎಕ್ಸ್ 100 ಓಡಿಸಿದವರಿಗೆ 2ಟಿ ಆಯಿಲಿನ ಬೇರೆ ಟ್ಯಾಂಕ್ ಗೊತ್ತು. ಬ್ಯಾನ್‌ಶೀಯಲ್ಲಿ ಅದಿಲ್ಲ, ಪೆಟ್ರೋಲಿಗೇ ಬೆರೆಸಬೇಕು. ನಮ್ಮಪ್ಪನ ಮೈಸೂರು ಯೆಜ್ಡಿ ಥರ. ಅಪ್ಪ ಬಂಕಿನಲ್ಲಿ ನಿಂತು ಆಯಿಲ್ ಪೂರ್ತಿ ಬಿತ್ತೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದರು. ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ನಾನೂ ಅಳತೆ ಲೋಟ ಹಿಡಿದು ಹಾಗೇ ಬಗ್ಗುತ್ತೇನೆ.

32ಕ್ಕೆ 1 ನನ್ನ ಅಳತೆ. 10 ಲೀಟರ್ ಪೆಟ್ರೋಲಿಗೆ ಸುಮಾರು 310 ಮಿಲಿ ಒಳ್ಳೆಯ ಟು-ಸ್ಟ್ರೋಕ್ ರೇಸಿಂಗ್ ಆಯಿಲ್. ಪೆಟ್ರೋಲ್ ಇಲ್ಲಿ ಸಿಗುವ 98 ಆಕ್ಟೇನ್. ಹೆಡ್ ಮುಟ್ಟದ ಗಾಡಿಯಾದರೆ 95 ಸಾಕು.

"ಇರಲಿ, ಸ್ವಲ್ಪ ಜಾಸ್ತಿ ಆಯಿಲ್ ಹಾಕೋಣ, ಸೇಫ್" ಅಂತ ನಮ್ಮ ಮಂಗಳೂರಿನ ಗೆಳೆಯ ಪ್ರತಿ ಸಲ ಹೇಳುತ್ತಾನೆ. ಹಾಗಲ್ಲ ಮಾರಾಯಾ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್‌ನ ತೂತು ಅಷ್ಟೇ ಇದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ, ಮಿಶ್ರಣ ಬಡವಾಗುತ್ತದೆ. ಒಂದು ಅಳತೆ ಹಿಡಿದು ಜೆಟ್ ಹೊಂದಿಸಿದ ಮೇಲೆ ಆ ಅಳತೆ ಬದಲಾಯಿಸಬಾರದು. ಆಯಿಲ್ ಬ್ರ್ಯಾಂಡ್ ಕೂಡ ಬದಲಾಯಿಸದಿದ್ದರೆ ಒಳ್ಳೆಯದು.

ಹೆಜ್ಜೆ 4: ಟೈರು, ಸ್ಪ್ರಾಕೆಟ್, ಕ್ಲಚ್

ಹಿಂದೆ ಪ್ಯಾಡಲ್ ಟೈರ್ ಹಾಕಿದ ದಿನ ನಿಮಗೆ ಎಂಜಿನ್ ಬದಲಾಯಿಸಿದಂತೆ ಅನಿಸುತ್ತದೆ. ದೋಣಿಯ ಹುಟ್ಟಿನ ಹಾಗೆ ಅದರ ರಬ್ಬರ್ ಹಲಗೆಗಳು ಮರಳನ್ನು ಹಿಂದಕ್ಕೆ ತಳ್ಳುತ್ತವೆ. 350 ಸಿಸಿ ಗಾಡಿಗೆ 8 ಹಲಗೆಯ ಹಗುರ ಟೈರ್‌ನಿಂದ ಶುರು ಮಾಡಿ. ಹಲಗೆ ಜಾಸ್ತಿ ಇದ್ದಷ್ಟೂ, ಎತ್ತರ ಇದ್ದಷ್ಟೂ ಎಂಜಿನ್‌ಗೆ ಭಾರ. ಕೂರಿಸುವಾಗ ಟೈರಿನ ಮೇಲಿನ ಬಾಣದ ಗುರುತು ನೋಡಿ. ಗಾಳಿ 4ರಿಂದ 6 ಪಿಎಸ್ಐ. ಮುಂದಿನ ಟೈರಿಗೆ ನಡುವೆ ಒಂದೇ ಏಣು ಇರುವ ಮರಳು ಟೈರ್ ಹಾಕಿ, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಪ್ಯಾಡಲ್ ಹಾಕಿಕೊಂಡು ಜಲ್ಲಿ ನೆಲ, ಡಾಂಬರಿನ ಮೇಲೆ ಓಡಿಸಿದರೆ ಹಲಗೆ ಹರಿಯುತ್ತದೆ.

ಕಂಪನಿ ಕೊಡುವ ಸ್ಪ್ರಾಕೆಟ್ ಮುಂದೆ 14 ಹಲ್ಲು, ಹಿಂದೆ 41. ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದಷ್ಟೇ ಪರಿಣಾಮ. ದಿಬ್ಬ ಹತ್ತುವಾಗ ಗೇರ್ ಬದಲಾಯಿಸಿದ ಕೂಡಲೇ ಎಂಜಿನ್ ಉಸಿರುಗಟ್ಟಿದರೆ ಮುಂದೆ 13 ಹಾಕಿ. ಇದಕ್ಕೆ ಆಗುವ ಖರ್ಚು ತೀರಾ ಕಡಿಮೆ.

ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಅಷ್ಟೇ ವೇಗದಲ್ಲಿದೆ ಅಂದರೆ ಕ್ಲಚ್ ಜಾರುತ್ತಿದೆ. ಪ್ಯಾಡಲ್ ಹಾಕಿದ ಮೇಲೆ ಇದು ಗ್ಯಾರಂಟಿ ಬರುತ್ತದೆ. ಹೊಸ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಆಯಿಲಿನಲ್ಲಿ ನೆನೆಸಿಡಿ, ಗಟ್ಟಿ ಸ್ಪ್ರಿಂಗ್ ಹಾಕಿ. ಗೇರ್ ಆಯಿಲ್ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ. ಒದ್ದೆ ಕ್ಲಚ್ಚಿಗೆ ಹೊಂದುವ ಆಯಿಲನ್ನೇ ಹಾಕಬೇಕು, ಕಾರಿನ ಆಯಿಲ್ ಬೇಡ. ಕ್ಲಚ್ ಮುಚ್ಚಳ ತೆಗೆದಾಗ ವಾಟರ್ ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ ಕೂಡ ನೋಡಿ. ಈ ಗಾಡಿಗೆ ಫ್ಯಾನ್ ಇಲ್ಲ. ಪಂಪು ನಿಂತರೆ ಎಂಜಿನ್ ಉಳಿಯುವುದಿಲ್ಲ. ಅಲ್ಯೂಮಿನಿಯಂನದು ಸಿಗುತ್ತದೆ, ಹಾಕಿಬಿಡಿ.

ಅಬುಧಾಬಿಯ ಲಿವಾದಲ್ಲಿರುವ ತಲ್ ಮುರೈಬ್ ದಿಬ್ಬದಂಥ ಕಡೆ ಹೋಗುವ ಆಸೆ ಇದ್ದರೆ ಹಿಂದಿನ ಸ್ವಿಂಗ್ ಆರ್ಮ್ (ಹಿಂದಿನ ಚಕ್ರಗಳನ್ನು ಹಿಡಿದಿರುವ ತೋಳು) ಉದ್ದ ಮಾಡಿಸಬೇಕು. ಆ ದಿಬ್ಬ ಸುಮಾರು 300 ಮೀಟರ್ ಎತ್ತರ, ಇಳಿಜಾರು 50 ಡಿಗ್ರಿ. ಉದ್ದ ಇಲ್ಲದ ಗಾಡಿ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಆದರೆ ಉದ್ದ ಮಾಡಿದ ಗಾಡಿ ಸಣ್ಣ ದಿಬ್ಬಗಳ ನಡುವೆ ತಿರುಗಲು ಸತಾಯಿಸುತ್ತದೆ. ನಾನು ಮಾಡಿಸಿಲ್ಲ.

ಹೆಜ್ಜೆ 5: ಈಗ ಪವರ್

ಮೊದಲು ಪೈಪು. ಟು-ಸ್ಟ್ರೋಕ್‌ನಲ್ಲಿ ಆ ಹೊಟ್ಟೆಯುಬ್ಬಿದ ಪೈಪು ಸುಮ್ನೆ ಹೊಗೆ ಬಿಡಲು ಇರುವುದಲ್ಲ. ಹೊರಗೆ ಹೋಗುವ ತಾಜಾ ಮಿಶ್ರಣವನ್ನು ಒತ್ತಡದ ಅಲೆಯಿಂದ ವಾಪಸ್ ಸಿಲಿಂಡರಿಗೆ ತಳ್ಳುತ್ತದೆ. ಅದರ ಆಕಾರದ ಮೇಲೆ ಯಾವ ಆರ್‌ಪಿಎಂನಲ್ಲಿ ಎಳೆತ ಬರುತ್ತದೆ ಅನ್ನುವುದು ನಿರ್ಧಾರ. ದಿಬ್ಬಕ್ಕೆ ನಡುವಿನ ಆರ್‌ಪಿಎಂನಲ್ಲಿ ಎಳೆಯುವ ಪೈಪು ತೆಗೆದುಕೊಳ್ಳಿ. ಕೊನೆಯ ಸಾವಿರ ಆರ್‌ಪಿಎಂನಲ್ಲಷ್ಟೇ ಕುಣಿಯುವ ಡ್ರ್ಯಾಗ್ ಪೈಪು ಮೃದು ಮರಳಿನಲ್ಲಿ ಸುಸ್ತು ಮಾಡಿಸುತ್ತದೆ.

ಆಮೇಲೆ ರೀಡ್, ಹೆಡ್. ಬದಲಾಯಿಸಬಹುದಾದ ಡೋಮ್ (ಪಿಸ್ಟನ್ ಮೇಲೆ ಕೂರುವ ಗುಮ್ಮಟ) ಇರುವ ಹೆಡ್ ಕೊಂಡರೆ ಕಂಪ್ರೆಷನ್ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಬಂಕಿನ ಪೆಟ್ರೋಲಿಗೆ ಹೊಂದುವ ಡೋಮ್ ಯಾವುದು ಅಂತ ಅಂಗಡಿಯವರನ್ನೇ ಕೇಳಿ, ಆಸೆಬುರುಕರಾಗಬೇಡಿ. ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) 4 ಡಿಗ್ರಿ ಮುಂದೆ ಮಾಡುವುದು ರೂಢಿ. ಅದಕ್ಕಿಂತ ಆಚೆ ನಾನು ಹೋಗುವುದಿಲ್ಲ. ಪೋರ್ಟ್ (ಸಿಲಿಂಡರಿನ ಗಾಳಿ, ಹೊಗೆ ದಾರಿ) ಕೊರೆಸುವುದು, ಪಿಸ್ಟನ್ ಓಟ ಉದ್ದ ಮಾಡುವ ಸ್ಟ್ರೋಕರ್ ಕ್ರ್ಯಾಂಕ್ ಹಾಕಿಸುವುದು ಮೊದಲ ಎರಡು ಸೀಸನ್ನಿಗೆ ಬೇಡವೇ ಬೇಡ.

ಬ್ಯಾನ್‌ಶೀಯ ಥ್ರಾಟಲ್ ಸಿಕ್ಕಿಕೊಂಡರೆ ಎಂಜಿನ್ ತಡೆಯುವ ಒಂದು ವ್ಯವಸ್ಥೆ ಕಂಪನಿಯಿಂದಲೇ ಇದೆ. ಸ್ವಿಚ್ಚುಗಳು ಕೆಟ್ಟಾಗ ಗಾಡಿ ಸುಮ್ಮಸುಮ್ಮನೆ ತೊದಲುವ ಕಾರಣ ಬಹಳ ಜನ ಕಿತ್ತು ಹಾಕುತ್ತಾರೆ. ಕಿತ್ತರೆ ಕೈಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಸ್ವಿಚ್) ಹಗ್ಗ ಹಾಕಲೇಬೇಕು. ಥ್ರಾಟಲ್ ಒತ್ತಿದಾಗ ಮೇಲೇಳುವ ಕಾರ್ಬುರೇಟರ್ ಸ್ಲೈಡಿನಲ್ಲಿ ಮರಳು ಕೂತು ಥ್ರಾಟಲ್ ತೆರೆದೇ ಉಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೆಜ್ಜೆ 6: ಜೆಟ್ ಹೊಂದಿಸುವುದು

ಪೈಪು, ಫಿಲ್ಟರ್, ರೀಡ್ ಯಾವುದು ಬದಲಾಯಿಸಿದರೂ ಜೆಟ್ ಮತ್ತೆ ನೋಡಬೇಕು. ಕಂಪನಿ ಮೇನ್ ಜೆಟ್ 200. ಪೈಪು ಹಾಕಿ ಏರ್‌ಬಾಕ್ಸ್ ಮುಚ್ಚಳ ತೆಗೆದ ಗಾಡಿಗಳಲ್ಲಿ ಸಾಮಾನ್ಯವಾಗಿ 250ರಿಂದ 300ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀವು ದೊಡ್ಡದರಿಂದ ಶುರು ಮಾಡಿ ಕೆಳಗೆ ಬನ್ನಿ. ಜೆಟ್ ದೊಡ್ಡದಾದರೆ ಗಾಡಿ ಮುಗ್ಗರಿಸುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಅಷ್ಟೇ. ಚಿಕ್ಕದಾದರೆ ಪಿಸ್ಟನ್ ಹೋಗುತ್ತದೆ.

ಎರಡು ಕಾರ್ಬುರೇಟರಿನ ಸ್ಲೈಡೂ ಒಟ್ಟಿಗೆ ಏಳುತ್ತವೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಒಂದು ಮೊದಲು ಎದ್ದರೆ ಇನ್ನೊಂದು ಸಿಲಿಂಡರ್ ಹಿಂದೆ ಬೀಳುತ್ತದೆ. ಥ್ರಾಟಲ್ ಕಾಲು ಭಾಗದವರೆಗೆ ಪೈಲಟ್ ಜೆಟ್, ನಡುವೆ ಸೂಜಿ, ಮುಕ್ಕಾಲರಿಂದ ಮೇಲೆ ಮೇನ್ ಜೆಟ್ಟಿನ ಆಟ. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯಲು ತಡ ಮಾಡಿದರೆ ಜೆಟ್ ಮುಟ್ಟುವ ಮುಂಚೆ ಹೆಜ್ಜೆ 1ಕ್ಕೆ ವಾಪಸ್ ಹೋಗಿ.

ಪರೀಕ್ಷೆ ದಿಬ್ಬದಲ್ಲೇ ಆಗಬೇಕು, ಪ್ಯಾಡಲ್ ಟೈರ್ ಹಾಕಿಕೊಂಡೇ. ಗಟ್ಟಿ ನೆಲದಲ್ಲಿ ಸರಿ ಕಂಡ ಜೆಟ್ ಮರಳಿನ ಭಾರಕ್ಕೆ ಸಾಕಾಗುವುದಿಲ್ಲ. ಹೊಸ ಪ್ಲಗ್ ಹಾಕಿ ಉದ್ದ ಏರಿನಲ್ಲಿ ಥ್ರಾಟಲ್ ಪೂರ್ತಿ ಹಿಡಿಯಿರಿ. ಹಾಗೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ. ನಿಂತು ಪ್ಲಗ್ ಬಿಚ್ಚಿ. ಬೆಳ್ಳಗಿದ್ದರೆ ಅಪಾಯ, ಕಪ್ಪು ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಕಾಫಿಗೆ ಹಾಲು ಬೆರೆಸಿದ ಬಣ್ಣ ಬಂದರೆ ಸಂತೋಷ. ಎರಡೂ ಪ್ಲಗ್ ನೋಡಿ, ಒಂದೇ ಅಲ್ಲ.

ಇನ್ನೊಂದು ಮಾತು. ತಣ್ಣನೆ ಗಾಳಿ ದಟ್ಟ, ಅದಕ್ಕೆ ಪೆಟ್ರೋಲ್ ಜಾಸ್ತಿ ಬೇಕು. ಜನವರಿಯಲ್ಲಿ ಮರಳುಗಾಡಿನ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಅಜಗಜಾಂತರ. ಮಧ್ಯಾಹ್ನದ ಬಿಸಿಲಿನಲ್ಲಿ ಕೂದಲೆಳೆಯಷ್ಟು ಸರಿಯಾಗಿ ಹೊಂದಿಸಿ ಖುಷಿಪಟ್ಟವರು ಮಾರನೇ ದಿನ ಬೆಳಗಿನ ಆರು ಗಂಟೆಗೆ ಎಂಜಿನ್ ಜಾಮ್ ಮಾಡಿಕೊಳ್ಳುತ್ತಾರೆ. ಚಳಿಯ ಬೆಳಿಗ್ಗೆಗೆ ಒಂದು ಸೈಜು ದೊಡ್ಡ ಜೆಟ್ ಜೇಬಿನಲ್ಲಿರಲಿ. ಉಷ್ಣಾಂಶ, ಜೆಟ್, ಪ್ಲಗ್ ಬಣ್ಣ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಓಡಿಸುವಾಗ

ಫೋರ್ಜ್ಡ್ ಪಿಸ್ಟನ್ ಬಿಸಿಯಾದಾಗ ಹೆಚ್ಚು ಹಿಗ್ಗುತ್ತದೆ. ಸಿಲಿಂಡರ್ ಬಿಸಿಯಾಗುವ ಮುಂಚೆ ಬಾರಿಸಿದರೆ ಗೀರು ಗ್ಯಾರಂಟಿ. ರೇಡಿಯೇಟರ್ ಮುಟ್ಟಿದರೆ ಬಿಸಿ ಅನಿಸುವವರೆಗೆ ಕಾಯಿರಿ, ಆಮೇಲೂ ಐದು ನಿಮಿಷ ಮೆಲ್ಲಗೆ ಓಡಿಸಿ.

ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಗೇರಿನಲ್ಲೇ ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ತೀರಾ ಕಡಿಮೆ ಬರುತ್ತಿರುತ್ತದೆ. ಪೆಟ್ರೋಲ್ ಕಡಿಮೆ ಅಂದರೆ ಆಯಿಲೂ ಕಡಿಮೆ. ಆಗಾಗ ಥ್ರಾಟಲ್ ಚಿಟುಕಿಸುತ್ತಾ ಇಳಿಯಿರಿ.

ಗಾಡಿಗೆ ಎತ್ತರದ ಕಡ್ಡಿ, ಕಿತ್ತಳೆ ಬಾವುಟ ಕಟ್ಟಿ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳು ದಿಬ್ಬಗಳಲ್ಲಿ ನೆಲದಿಂದ 8 ಅಡಿ ಎತ್ತರದ ಬಾವುಟ ಕಡ್ಡಾಯ. ಎಲ್ಲೇ ಆದರೂ ಅದೇ ಅಳತೆ ಒಳ್ಳೆಯದು. ಆಚೆಯಿಂದ ಏರಿ ಬರುವವನಿಗೆ ಮೊದಲು ಕಾಣುವುದು ಅದೇ. ನೆತ್ತಿಯನ್ನು ನೇರ ಹಾರಬೇಡಿ, ಓರೆಯಾಗಿ ಹತ್ತಿ ಆಚೆ ಏನಿದೆ ನೋಡಿ. ಗಾಳಿ ಬೀಸಿದರೆ ನಿನ್ನೆ ಇದ್ದ ಇಳಿಜಾರು ಇವತ್ತು ಇರುವುದಿಲ್ಲ. ಒಬ್ಬರೇ ಹೋಗಬೇಡಿ.

ಮನೆಗೆ ಬಂದ ಮೇಲೆ

ಅಂದೇ ಮಾಡಿ, ನಾಳೆಗೆ ಬಿಡಬೇಡಿ. ಮೊದಲು ಗಾಳಿ ಹೊಡೆದು ಮರಳು ಉದುರಿಸಿ. ಜೋರು ನೀರಿನ ಗನ್ ಹಿಡಿದರೆ ಆಕ್ಸಲ್, ಸ್ವಿಂಗ್ ಆರ್ಮ್ ಬೇರಿಂಗಿನೊಳಗೆ ಮರಳು ತಳ್ಳಿದಂತೆಯೇ ಸರಿ. ರೇಡಿಯೇಟರ್ ರೆಕ್ಕೆಗಳನ್ನು ಒಳಗಿನಿಂದ ಹೊರಕ್ಕೆ ಊದಿ. ಫಿಲ್ಟರ್ ತೆಗೆದು ಬೂಟಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಒಂದು ಕಣ ಮರಳು ಅಂಟಿದರೂ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಕಾರ್ಬುರೇಟರಿನ ಕೆಳಗಿನ ಪೆಟ್ರೋಲ್ ಬಟ್ಟಲು (ಫ್ಲೋಟ್ ಬೌಲ್) ಖಾಲಿ ಮಾಡಿ ತಳದಲ್ಲಿ ಏನಿದೆ ನೋಡಿ. ಚೈನಿಗೆ ಅಂಟುವ ಗ್ರೀಸ್ ಬೇಡ, ಮರಳು ಮೆತ್ತಿ ಅದು ಉಪ್ಪುಕಾಗದ ಆಗುತ್ತದೆ. ಒಣಗುವ ಮೇಣದ ಸ್ಪ್ರೇ ಸಾಕು. ಆಕ್ಸಲ್ ನಟ್, ಪೈಪಿನ ಸ್ಪ್ರಿಂಗ್, ಬೂಟಿನ ಕ್ಲಾಂಪುಗಳನ್ನು ಕೈಯಲ್ಲೇ ಮುಟ್ಟಿ ನೋಡಿ.

ಬೇಸಿಗೆಗೆ ಮುಚ್ಚಿಡುವಾಗ

ಮೇ ತಿಂಗಳಿಂದ ಇಲ್ಲಿ ಯಾರೂ ದಿಬ್ಬಕ್ಕೆ ಹೋಗುವುದಿಲ್ಲ. ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬೇಡಿ, ಕಾರ್ಬುರೇಟರ್ ಪೂರ್ತಿ ಖಾಲಿ ಮಾಡಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಒಂದು ಚಮಚ ಟು-ಸ್ಟ್ರೋಕ್ ಆಯಿಲ್ ಬಿಟ್ಟು ಕಿಕ್ಕರ್ ಮೆಲ್ಲಗೆ ತಿರುಗಿಸಿ ಪ್ಲಗ್ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಕೆಂಪು ಬಟ್ಟೆ ಇರಲಿ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಅಕ್ಟೋಬರಿನಲ್ಲಿ ಬಟ್ಟೆ ತೆಗೆಯಿರಿ, ಬಿಪಿ ಮೀಟರ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಸ್ಟಾರ್ಟ್ ಮಾಡುವ ಮುಂಚೆ ಕಿಲ್ ಸ್ವಿಚ್ ಆಫ್ ಮಾಡಿ, ಪ್ಲಗ್ ಎರಡೂ ಬಿಚ್ಚಿ ಹತ್ತು ಸಲ ಕಿಕ್ಕರ್ ತುಳಿಯಿರಿ. ಒಳಗೆ ನಿಂತ ಆಯಿಲ್ ಪ್ಲಗ್ ತೂತಿನಿಂದ ಚಿಮ್ಮುತ್ತದೆ. ಮುಖ ಸ್ವಲ್ಪ ಆಚೆ ಇಟ್ಟುಕೊಳ್ಳಿ.